ರೂಟ್ 2ರ ಆ ಏಳು ಮಂದಿ: ಬಾಸ್ಟನ್ ಸುತ್ತಲಿನ ಕನ್ನಡಿಗರಿಗೊಂದು ಬಹಿರಂಗ ಪತ್ರ

ಮೆಸಾಚುಸೆಟ್ಸ್, ನ್ಯೂ ಹ್ಯಾಂಪ್‌ಶೈರ್ ಕಡೆಯ ಕನ್ನಡ ಬಂಧುಗಳೇ, ನಮಸ್ಕಾರ.

ಸೆಪ್ಟೆಂಬರ್ ಅರ್ಧ ಕಳೆಯಿತೆಂದರೆ ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದೇ ಮಾತು. ಎಲೆ ಎಲ್ಲಿಯವರೆಗೆ ಕೆಂಪಾಗಿದೆ, ಯಾವ ವಾರಾಂತ್ಯ ಹೊರಟರೆ ಒಳ್ಳೆಯದು, ಕ್ಯಾಂಕಮಾಗಸ್ ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುತ್ತದೋ ಇಲ್ಲವೋ. ಊರಿಂದ ಅಪ್ಪ-ಅಮ್ಮ ಬಂದಿದ್ದರಂತೂ ವೈಟ್ ಮೌಂಟನ್ಸ್ ತೋರಿಸದೆ ವಾಪಸ್ ಕಳಿಸುವ ಮಾತೇ ಇಲ್ಲ. ಇಂಟರ್‌ಸ್ಟೇಟ್ 93 ಹಿಡಿದು ಫ್ರಾಂಕೋನಿಯಾ ನಾಚ್ ದಾಟಿ, ಟ್ವಿನ್ ಮೌಂಟನ್‌ನಲ್ಲಿ 115ಕ್ಕೆ ಹೊರಳಿ, ಜೆಫರ್ಸನ್ ಹತ್ತಿರ ರೂಟ್ 2 ಸೇರಿ ಪೂರ್ವಕ್ಕೆ ಗೋರಮ್ ಕಡೆ ಹೋಗುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಚಿಕ್ಕ ಮಕ್ಕಳಿದ್ದವರು ಸ್ಯಾಂಟಾಸ್ ವಿಲೇಜ್ ಎಂಬ ಮಕ್ಕಳ ಆಟದ ಪಾರ್ಕಿಗೆಂದು ಬರುತ್ತಾರೆ, ಉಳಿದವರು ಮೌಂಟ್ ವಾಷಿಂಗ್ಟನ್ ಹತ್ತುವ ಆಟೋ ರೋಡ್‌ಗೆಂದು. (ಆಕ್ಟನ್ ಮೇಲೆ ಹಾದುಹೋಗುವ ನಮ್ಮ ದಿನನಿತ್ಯದ ರೂಟ್ 2 ಬೇರೆ, ಇದು ಬೇರೆ. ನಂಬರ್ ಒಂದೇ ಅಂತ ಜಿಪಿಎಸ್ ಬಿಟ್ಟು ಹೊರಡಬೇಡಿ.)

ಜೆಫರ್ಸನ್‌ಗೂ ಗೋರಮ್‌ಗೂ ನಡುವೆ ರ‍್ಯಾಂಡಾಲ್ಫ್ ಎಂಬ ಊರು ಬರುತ್ತದೆ. ಮುನ್ನೂರು ಚಿಲ್ಲರೆ ಜನ. ಬಲಗಡೆ ಜೆಫರ್ಸನ್, ಆಡಮ್ಸ್, ಮ್ಯಾಡಿಸನ್ ಶಿಖರಗಳ ಸಾಲು ನಿಂತಿರುತ್ತದೆ, ಎಡಗಡೆ ಕಾಡು. ಎಲ್ಲರ ಕಣ್ಣೂ ಬಲಗಡೆಯೇ ಇರುವುದರಿಂದ ಊರು ಯಾವಾಗ ಬಂತು, ಯಾವಾಗ ಹೋಯಿತು ಗೊತ್ತಾಗುವುದಿಲ್ಲ. ಈ ಸಲ ಅಲ್ಲಿ ಹತ್ತು ನಿಮಿಷ ನಿಲ್ಲಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಯಾರಿಗಾಗಿ, ಯಾಕೆ ಎಂಬುದನ್ನು ಹೇಳುವುದಕ್ಕೆ ಹತ್ತು ನಿಮಿಷಕ್ಕಿಂತ ಸ್ವಲ್ಪ ಹೆಚ್ಚೇ ಬೇಕಾದೀತು.

2019ರ ಜೂನ್ 21, ಶುಕ್ರವಾರ. ವರ್ಷದ ಅತಿ ದೀರ್ಘ ಹಗಲು, ಸಂಜೆ ಆರೂವರೆಗೂ ಝಗಝಗ ಬೆಳಕು. ಜಾರ್‌ಹೆಡ್ಸ್ ಎಂಬ ಮೋಟಾರ್‌ಸೈಕಲ್ ಕ್ಲಬ್‌ನವರು ತಮ್ಮ ವಾರ್ಷಿಕ ಕೂಟಕ್ಕೆಂದು ರ‍್ಯಾಂಡಾಲ್ಫ್‌ನ ಒಂದು ಮೋಟೆಲ್‌ನಲ್ಲಿ ಇಳಿದುಕೊಂಡಿದ್ದರು. ಅಮೆರಿಕದ ಮರೀನ್ ಪಡೆಯಲ್ಲಿ ಇದ್ದವರು, ಇರುವವರು, ಆ ಪಡೆಯ ಜೊತೆ ಯುದ್ಧಭೂಮಿಗೆ ಹೋಗಿ ಗಾಯಾಳುಗಳನ್ನು ನೋಡಿಕೊಳ್ಳುವ ನೌಕಾದಳದ ಕೋರ್‌ಮನ್‌ಗಳು, ಇವರೆಲ್ಲರ ಸಂಗಾತಿಗಳು ಸೇರಿ ಕಟ್ಟಿಕೊಂಡ ಬಳಗ ಅದು. ಅಂದು ಸಂಜೆ ಗೋರಮ್‌ನ ಅಮೆರಿಕನ್ ಲೀಜನ್ ಹಾಲ್‌ನಲ್ಲಿ ದೇಣಿಗೆ ಸಂಗ್ರಹದ ಕಾರ್ಯಕ್ರಮವಿತ್ತು. ಬೈಕುಗಳು ಸಾಲಾಗಿ ಮೋಟೆಲ್‌ನಿಂದ ರಸ್ತೆಗಿಳಿದು ಇನ್ನೂ ವೇಗ ಹಿಡಿದಿರಲಿಲ್ಲ. ಗೋರಮ್ ಕಡೆಯಿಂದ ಖಾಲಿ ಟ್ರೇಲರ್ ಎಳೆದುಕೊಂಡು ಒಂದು ಪಿಕಪ್ ಟ್ರಕ್ ಎದುರು ಬರುತ್ತಿತ್ತು. ಡಿಕ್ಕಿಯಾಯಿತು, ಟ್ರಕ್ಕಿಗೆ ಬೆಂಕಿ ಹತ್ತಿತು, ಏಳು ಜನ ಸತ್ತರು. ಐವರು ಗಂಡಸರು, ಇಬ್ಬರು ಹೆಂಗಸರು, 42ರಿಂದ 62ರ ವಯಸ್ಸಿನವರು. ಗಾಯಗೊಂಡವರಿಗೆ ಮೊದಲು ಕೈ ಹಚ್ಚಿದವರು ಹಿಂದಿನ ಬೈಕುಗಳಲ್ಲಿದ್ದ ಅವರ ಗೆಳೆಯರೇ. ಯುದ್ಧದಲ್ಲಿ ಗಾಯಕ್ಕೆ ಪಟ್ಟಿ ಕಟ್ಟಲು ಕಲಿತಿದ್ದವರು ರಜೆಯ ಸಂಜೆ, ಹೆದ್ದಾರಿಯ ಮೇಲೆ, ತಮ್ಮವರಿಗೇ ಕಟ್ಟಬೇಕಾಯಿತು.

ಸತ್ತವರೆಲ್ಲ ಸೈನಿಕರಾಗಿದ್ದವರಲ್ಲ, ಸಂಗಾತಿಗಳೂ ಅವರಲ್ಲಿದ್ದರು. ಆದರೆ ಇಲ್ಲಿನವರು ಏಳೂ ಜನರನ್ನು ಒಟ್ಟಿಗೇ ‘ಫಾಲನ್ ಸೆವೆನ್’ ಎನ್ನುತ್ತಾರೆ, ಯಾರನ್ನೂ ಬೇರೆ ಇಟ್ಟು ಎಣಿಸುವುದಿಲ್ಲ. ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರ ಮನೆಯವರು ಇದೇ ಸೀಮೆಯಲ್ಲಿ ನಮ್ಮ ಅಕ್ಕಪಕ್ಕದ ಊರುಗಳಲ್ಲಿ ಬದುಕುತ್ತಿದ್ದಾರೆ, ಹೆಸರು ಹೇಳಿ ನೆನೆಯುವ ಹಕ್ಕು ಮೊದಲು ಅವರದು.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮವರಿಗೆ ಈ ಬೈಕರ್‌ಗಳೆಂದರೆ ಒಂದು ಅಳುಕು. ಪೆಟ್ರೋಲ್ ಬಂಕಿನಲ್ಲಿ ಹತ್ತು ಹಾರ್ಲೆಗಳು ಒಟ್ಟಿಗೆ ಬಂದು ನಿಂತರೆ, ತೋಳಿನ ತುಂಬ ಹಚ್ಚೆ, ಚರ್ಮದ ತೋಳಿಲ್ಲದ ಕೋಟಿನ ಬೆನ್ನ ಮೇಲೆ ತಲೆಬುರುಡೆಯದೋ ಹದ್ದಿನದೋ ಪ್ಯಾಚು ಕಂಡರೆ, ಕಾರಿನ ಗಾಜು ತಾನಾಗಿ ಮೇಲೇರುತ್ತದೆ. ‘ಇವರ ಸಹವಾಸ ಬೇಡಪ್ಪ’ ಎಂದು ಒಬ್ಬರಾದರೂ ಅನ್ನುತ್ತಾರೆ. ಈ ಅಳುಕು ನಾವು ಊರಿಂದ ತಂದದ್ದಲ್ಲ, ಇಲ್ಲೇ ಸಿಕ್ಕಿದ್ದು. 1947ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಎಂಬ ಊರಿನ ಬೈಕ್ ಜಾತ್ರೆಯಲ್ಲಿ ಕುಡಿದು ಗಲಾಟೆಯಾಯಿತು. ಪತ್ರಿಕೆಗಳು ಅದನ್ನು ಊರು ಲೂಟಿಯಾದಂತೆ ಬಣ್ಣಿಸಿದವು. ಅಲ್ಲಿಂದಾಚೆಗೆ ಬೈಕ್ ಕ್ಲಬ್ ಎಂದರೆ ಪುಂಡರ ಪಡೆ ಎಂಬ ಮಾತು ಅಮೆರಿಕದಲ್ಲಿ ನೆಲೆಯಾಯಿತು. ಪುಂಡರ ಕ್ಲಬ್‌ಗಳೂ ಇವೆ, ಸುಳ್ಳಲ್ಲ. ಆದರೆ ಆ ಕಾಲದ ಕ್ಲಬ್‌ಗಳಲ್ಲಿ ಬಹಳ ಮಂದಿ ಆಗಷ್ಟೇ ಎರಡನೇ ಮಹಾಯುದ್ಧ ಮುಗಿಸಿ ಬಂದ ಹುಡುಗರು ಎಂಬುದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಯುದ್ಧಕ್ಕೆಂದು ಹಾರ್ಲೆ ಕಂಪನಿ ಸುಮಾರು 90,000 ಸೇನಾ ಬೈಕುಗಳನ್ನು ತಯಾರಿಸಿತ್ತು. ಯುದ್ಧ ಮುಗಿದ ಮೇಲೆ ಅವು ಅಗ್ಗದ ಬೆಲೆಗೆ ಹರಾಜಾದವು. ಪಟಾಲಂ ಜೊತೆ ಉಂಡು ಮಲಗಿ ಅಭ್ಯಾಸವಾಗಿದ್ದ ಹುಡುಗನಿಗೆ ಊರಿಗೆ ಬಂದರೆ ಮಾತಾಡಲು ಜನ ಇಲ್ಲ. ಅವನಂಥ ನಾಲ್ಕು ಜನ ಸಿಕ್ಕರು, ಜೊತೆಗೆ ಬೈಕೂ ಸಿಕ್ಕಿತು.

ವಿಯೆಟ್ನಾಂನಿಂದ ಬಂದವರ ಕಥೆ ಇನ್ನೂ ಕಷ್ಟದ್ದು. ಅವರನ್ನು ಊರವರು ಹಾರ ಹಾಕಿ ಬರಮಾಡಿಕೊಳ್ಳಲಿಲ್ಲ. 1988ರಲ್ಲಿ ಅಂಥವರೇ ಸುಮಾರು 2,500 ಬೈಕುಗಳಲ್ಲಿ ವಾಷಿಂಗ್ಟನ್‌ಗೆ ಹೋಗಿ, ಯುದ್ಧದಲ್ಲಿ ಸೆರೆಸಿಕ್ಕವರ, ಕಾಣೆಯಾದವರ ಲೆಕ್ಕ ಕೊಡಿ ಎಂದು ಸರ್ಕಾರವನ್ನು ಕೇಳಿದರು. ರೋಲಿಂಗ್ ಥಂಡರ್ ಎಂದು ಹೆಸರಾದದ್ದು ಅದೇ. ಪ್ರತಿ ವರ್ಷ ಮೆಮೋರಿಯಲ್ ಡೇ ಹಿಂದಿನ ಭಾನುವಾರ ಪೆಂಟಗನ್ ಪಾರ್ಕಿಂಗ್ ಜಾಗದಿಂದ ಹೊರಟು, ವಿಯೆಟ್ನಾಂ ಯುದ್ಧದಲ್ಲಿ ಹೋದವರ 58,000ಕ್ಕೂ ಹೆಚ್ಚು ಹೆಸರು ಕೆತ್ತಿರುವ ಆ ಕಪ್ಪು ಗೋಡೆಯವರೆಗೆ ಹೋಗುತ್ತಿದ್ದರು. ಬರಬರುತ್ತಾ ಲಕ್ಷಗಟ್ಟಲೆ ಜನ ಸೇರತೊಡಗಿದರು. ಆ ಹೆಸರಿನ ಕೊನೆಯ ದೊಡ್ಡ ಯಾತ್ರೆ ನಡೆದದ್ದು 2019ರ ಮೇ 26ರಂದು, ರ‍್ಯಾಂಡಾಲ್ಫ್‌ನ ಅಪಘಾತಕ್ಕೆ ತಿಂಗಳೂ ಇಲ್ಲದಿದ್ದಾಗ. ಮರುವರ್ಷದಿಂದ ಬೇರೆ ಸಂಘಟನೆಯೊಂದು ಬೇರೆ ಹೆಸರಿನಲ್ಲಿ ಅದನ್ನು ಮುಂದುವರಿಸಿದೆ.

ಇಷ್ಟು ದೂರ ಹೋಗುವುದೇ ಬೇಡ, ನಾವು ಬಾಡಿಗೆಗೆ ಹಿಡಿಯುವ ಹಾಲ್‌ಗಳನ್ನೇ ನೋಡಿ. ನಾಮಕರಣಕ್ಕೆ, ಮೊದಲ ಹುಟ್ಟುಹಬ್ಬಕ್ಕೆ, ಸೀಮಂತಕ್ಕೆ ಸೋವಿಯಲ್ಲಿ ಸಿಗುವ ಹಾಲ್ ಯಾವುದು ಎಂದು ಹುಡುಕಿದರೆ ಮೊದಲು ಸಿಗುವುದು ಅಮೆರಿಕನ್ ಲೀಜನ್ ಅಥವಾ ವಿಎಫ್‌ಡಬ್ಲ್ಯೂ ಹಾಲ್‌ಗಳೇ. ಎರಡೂ ಮಾಜಿ ಸೈನಿಕರ ಸಂಘಗಳು. ನಾವು ಬಿಸಿಬೇಳೆಬಾತಿನ ಟ್ರೇಗಳನ್ನು ಜೋಡಿಸುವ ಗಡಿಬಿಡಿಯಲ್ಲಿರುವಾಗ, ಅಲ್ಲೇ ಮೂಲೆಯಲ್ಲಿ ಒಬ್ಬರಿಗಷ್ಟೇ ಸಾಲುವ ಪುಟ್ಟ ದುಂಡು ಮೇಜು ಇರುತ್ತದೆ. ಬಿಳಿ ಬಟ್ಟೆ ಹಾಸಿ, ಹೂದಾನಿಯಲ್ಲಿ ಒಂದೇ ಒಂದು ಕೆಂಪು ಗುಲಾಬಿ. ತಟ್ಟೆಯಲ್ಲಿ ನಿಂಬೆಹಣ್ಣಿನ ಒಂದು ಹೋಳು, ಪಕ್ಕದಲ್ಲಿ ಚಿಟಿಕೆ ಉಪ್ಪು. ಬೋರಲು ಹಾಕಿದ ಲೋಟ, ಒಂದು ಮೇಣದ ಬತ್ತಿ, ಖಾಲಿ ಕುರ್ಚಿ. ಯುದ್ಧದಲ್ಲಿ ಕಾಣೆಯಾಗಿ ಊಟಕ್ಕೆ ಬಾರದವರಿಗೆಂದು ಇಟ್ಟ ಮೇಜು ಅದು. ನಿಂಬೆ ಅವರ ಪಾಲಿಗೆ ಬಂದ ಕಹಿಗೆ, ಉಪ್ಪು ಮನೆಯವರ ಕಣ್ಣೀರಿಗೆ, ಬೋರಲು ಲೋಟ ಈ ಸಲ ಅವರು ನಮ್ಮೊಡನೆ ಕುಡಿಯಲಾರರು ಎಂಬುದಕ್ಕೆ. ಪಿತೃಪಕ್ಷದಲ್ಲಿ ನಮ್ಮ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವ ಹಾಗೆಯೇ ಇದು. ಅಲಂಕಾರಕ್ಕಿಟ್ಟದ್ದೆಂದು ಆ ಮೇಜನ್ನು ಪಕ್ಕಕ್ಕೆ ಸರಿಸಿ, ಅದರ ಮೇಲೆ ಕೇಕ್ ಡಬ್ಬಿ ಇಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಆ ಏಳು ಮಂದಿ ಹೊರಟಿದ್ದದ್ದು ಇಂಥದ್ದೇ ಒಂದು ಹಾಲ್‌ಗೆ.

ಇನ್ನು ಮುಂದಿನದು ನಮ್ಮಲ್ಲಿ ಬಹುಪಾಲು ಜನರ ಸಾಫ್ಟ್‌ವೇರ್ ಕಸುಬಿಗೆ ಸಂಬಂಧಿಸಿದ್ದು. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಟ್ರಕ್ ಓಡಿಸುತ್ತಿದ್ದವನು ನಮ್ಮ ಮೆಸಾಚುಸೆಟ್ಸ್‌ನವನು, ಆಗ 23 ವರ್ಷ. ಅಪಘಾತಕ್ಕೆ ಆರು ವಾರ ಮೊದಲು, ಮೇ 11ರಂದು, ಪಕ್ಕದ ಕನೆಕ್ಟಿಕಟ್‌ನಲ್ಲಿ ನಶೆಯಲ್ಲಿ ಗಾಡಿ ಓಡಿಸಿದ ಆರೋಪದ ಮೇಲೆ ಪೊಲೀಸರು ಅವನನ್ನು ಹಿಡಿದಿದ್ದರು. ಪರೀಕ್ಷೆಗೆ ಅವನು ಒಪ್ಪಿರಲಿಲ್ಲ. ಹಾಗೆ ಒಪ್ಪದಿದ್ದರೆ ಲೈಸೆನ್ಸ್ ಅಮಾನತಾಗಬೇಕು. ಕನೆಕ್ಟಿಕಟ್‌ನವರು ಮೇ ಕೊನೆಯಲ್ಲಿ ಮೆಸಾಚುಸೆಟ್ಸ್‌ನ ಮೋಟಾರು ವಾಹನ ನೋಂದಣಿ ಕಚೇರಿಗೆ, ಅಂದರೆ ನಾವೆಲ್ಲ ಲೈಸೆನ್ಸಿಗಾಗಿ ಸರದಿ ನಿಂತ ಅದೇ ಆರ್‌ಎಂವಿಗೆ, ಎಲೆಕ್ಟ್ರಾನಿಕ್ ಸಂದೇಶ ಕಳಿಸಿದ್ದರು. ಸಂದೇಶ ತಲುಪಿತು ಕೂಡ. ಆದರೆ ಅದರಲ್ಲಿದ್ದ ವಿವರ ಸಾಲದೆಂದು ಸಾಫ್ಟ್‌ವೇರ್ ತಾನಾಗಿ ಅಮಾನತು ಮಾಡದೆ, ‘ಮ್ಯಾನ್ಯುವಲ್ ರಿವ್ಯೂ’ ಕ್ಯೂಗೆ, ಅಂದರೆ ಮನುಷ್ಯರೇ ಕೂತು ನೋಡಬೇಕಾದವುಗಳ ಸರದಿಗೆ, ತಳ್ಳಿತು. ಆ ಕ್ಯೂವನ್ನು ಯಾರೂ ತೆರೆದು ನೋಡಲಿಲ್ಲ. ಜೂನ್ 21ರಂದು ಅವನ ಲೈಸೆನ್ಸ್ ಚಾಲ್ತಿಯಲ್ಲೇ ಇತ್ತು.

ಹೀಗೆ ಉಳಿದುಹೋದದ್ದು ಆ ಒಂದು ಸಂದೇಶ ಮಾತ್ರವಲ್ಲ. ಅಪಘಾತವಾದ ಮೇಲೆ ಹುಡುಕಿದಾಗ ಬೇರೆ ರಾಜ್ಯಗಳಿಂದ ಅಂಚೆಯಲ್ಲಿ ಬಂದ ನೋಟಿಸುಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಸಿಕ್ಕವು. 2018ರ ಮಾರ್ಚ್‌ನಲ್ಲಿ ಆರ್‌ಎಂವಿ ‘ಅಟ್ಲಸ್’ ಎಂಬ ಹೊಸ ವ್ಯವಸ್ಥೆಗೆ ಹೊರಳಿತ್ತು. ಆ ಹೊತ್ತಿನಿಂದಲೇ ಕಾಗದದ ನೋಟಿಸುಗಳನ್ನು ನಮೂದಿಸುವ ಕೆಲಸ ನಿಂತಿತ್ತು. ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋದ ಹಾಗೆ ಎರಡು ಸಾವಿರಕ್ಕೂ ಹೆಚ್ಚು ಚಾಲಕರ ಲೈಸೆನ್ಸ್ ಅಮಾನತಾದವು. ಅಷ್ಟೂ ಜನ ಅಲ್ಲಿಯವರೆಗೆ ನಮ್ಮ ಅಕ್ಕಪಕ್ಕದ ಲೇನಿನಲ್ಲೇ ಓಡಾಡುತ್ತಿದ್ದರು. ಆರ್‌ಎಂವಿಯ ಮುಖ್ಯಸ್ಥೆ ವಾರ ತುಂಬುವ ಮೊದಲೇ ರಾಜೀನಾಮೆ ಕೊಟ್ಟರು. ಕನೆಕ್ಟಿಕಟ್ ಕಳಿಸಿದ ಮಾಹಿತಿ ಅಪೂರ್ಣವಾಗಿತ್ತೆಂದು ಇವರೂ, ನಾವು ಸರಿಯಾಗಿಯೇ ಕಳಿಸಿದ್ದೆವೆಂದು ಅವರೂ ಕೆಲವು ದಿನ ಹೇಳಿಕೊಂಡರು.

ಈಗ ಹೇಳಿ, ಈ ಕಥೆಯಲ್ಲಿ ನಮಗೆ ಗೊತ್ತಿಲ್ಲದ ಒಂದೇ ಒಂದು ಮಾತಿದೆಯೇ? ಹೊಸ ವ್ಯವಸ್ಥೆ ಚಾಲೂ ಆಗುವ ಗೋ-ಲೈವ್ ದಿನಾಂಕ ಮುಂದಕ್ಕೆ ಹೋಗಬಾರದು. ಅಪರೂಪಕ್ಕೆ ಬರುವ ಎಡ್ಜ್ ಕೇಸ್‌ಗಳನ್ನು ಸದ್ಯಕ್ಕೆ ಎಕ್ಸೆಪ್ಷನ್ ಕ್ಯೂಗೆ ಹಾಕಿ, ಫೇಸ್ 2ರಲ್ಲಿ ನೋಡೋಣ. ಕಾಗದದ ದಾಖಲೆ ನಮ್ಮ ಸ್ಕೋಪಿನಲ್ಲಿ ಇಲ್ಲ. ಆ ಕ್ಯೂ ಯಾವ ಟೀಮಿನದು ಅಂತ ಕೇಳಿದರೆ ಮೂರು ಟೀಮಿನವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ಹಸಿರು, ಯಾಕೆಂದರೆ ಆ ಕ್ಯೂ ಡ್ಯಾಶ್‌ಬೋರ್ಡಿನಲ್ಲೇ ಇಲ್ಲ. ಅಟ್ಲಸ್ ಕಟ್ಟಿದವರು ದಡ್ಡರೂ ಅಲ್ಲ, ದುಷ್ಟರೂ ಅಲ್ಲ. ನಾವು ದಿನಾ ಬೆಳಗ್ಗೆ ಸ್ಟ್ಯಾಂಡ್-ಅಪ್‌ನಲ್ಲಿ ಆಡುವ ಮಾತುಗಳನ್ನೇ ಅವರೂ ಆಡಿರುತ್ತಾರೆ. ವ್ಯತ್ಯಾಸ ಇಷ್ಟೇ: ನಮ್ಮ ಕ್ಯೂಗಳಲ್ಲಿ ಬಿದ್ದಿರುವುದು ಹೆಚ್ಚಾಗಿ ರೀಫಂಡ್, ಇನ್‌ವಾಯ್ಸ್, ಪಾಸ್‌ವರ್ಡ್ ಬದಲಾವಣೆ. ಎಲ್ಲರದ್ದೂ ಹಾಗಲ್ಲ ಎಂದೂ ಗೊತ್ತು. ನಮ್ಮಲ್ಲಿ ಆಸ್ಪತ್ರೆಗಳ ವ್ಯವಸ್ಥೆ ನೋಡಿಕೊಳ್ಳುವವರಿದ್ದಾರೆ, ವಿಮೆ ಕಂಪನಿಗಳಲ್ಲಿ ಇದ್ದಾರೆ, ಸರ್ಕಾರಿ ಗುತ್ತಿಗೆಗಳ ಮೇಲೆ ಕೂತವರಿದ್ದಾರೆ. ರ‍್ಯಾಂಡಾಲ್ಫ್‌ನ ಏಳು ಜನರನ್ನು ನೆನೆಯುವುದು ಧ್ವಜ ಹೊತ್ತ ಬೈಕರ್‌ಗಳ ಕೆಲಸ ಎಂದು ನಾವು ಸುಮ್ಮನಿರುವಂತಿಲ್ಲ ಎನ್ನುವುದಕ್ಕೆ ನನ್ನ ಕಾರಣ ಇದು. ಆ ದಾರಿಯಲ್ಲಿ ಎಲೆ ನೋಡಲು ಹೋಗುವವರೂ ನಾವೇ, ಅಂಥ ಕ್ಯೂಗಳನ್ನು ಕಟ್ಟಿ ಸಂಬಳ ಎಣಿಸುವವರೂ ನಾವೇ.

ಕೋರ್ಟಿನಲ್ಲಿ ಏನಾಯಿತು ಎಂದು ನೀವು ಕೇಳಿಯೇ ಕೇಳುತ್ತೀರಿ. ಅದನ್ನೂ ಮುಚ್ಚಿಡದೆ ಹೇಳಬೇಕು.

ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ 2020ರ ಡಿಸೆಂಬರ್‌ನಲ್ಲಿ ತನ್ನ ನಿರ್ಣಯ ಹೇಳಿತು. ಟ್ರಕ್ಕಿನವನು ಮಾದಕ ದ್ರವ್ಯಗಳ ಪ್ರಭಾವದಲ್ಲಿದ್ದು ನಡುಗೆರೆ ದಾಟಿ ಎದುರು ಲೇನಿಗೆ ಬಂದದ್ದೇ ಕಾರಣ, ಅವನನ್ನು ಕೆಲಸಕ್ಕಿಟ್ಟುಕೊಂಡಿದ್ದ ಸಾಗಣೆ ಸಂಸ್ಥೆ ಸುರಕ್ಷತಾ ನಿಯಮಗಳನ್ನು ಗಾಳಿಗೆ ತೂರಿದ್ದೂ ಇದಕ್ಕೆ ಕೂಡಿಕೊಂಡಿತು ಎಂದಿತು. 2022ರ ಬೇಸಿಗೆಯಲ್ಲಿ ಲ್ಯಾಂಕಾಸ್ಟರ್‌ನ ನ್ಯಾಯಾಲಯದಲ್ಲಿ ಎರಡು ವಾರ ವಿಚಾರಣೆ ನಡೆಯಿತು. ನಶೆಗೆ ಸಂಬಂಧಿಸಿದ ಆರೋಪಗಳನ್ನು ನ್ಯಾಯಾಧೀಶರು ಸಾಕ್ಷ್ಯ ಸಾಲದೆಂದು ನಡುವೆಯೇ ಕೈಬಿಟ್ಟರು. ಡಿಕ್ಕಿ ನಡುಗೆರೆಯ ಮೇಲೆಯೇ ಆಯಿತು, ಸಾಲಿನ ಮುಂದಿದ್ದ ಸವಾರ ಕುಡಿದಿದ್ದ, ಅವನ ಬೈಕೇ ಹತೋಟಿ ತಪ್ಪಿತು ಎಂದು ಆರೋಪಿಯ ವಕೀಲರು ವಾದಿಸಿದರು. ಮುಂದಿದ್ದ ಸವಾರನ ರಕ್ತದಲ್ಲಿ ಮದ್ಯದ ಅಂಶ ಕಾನೂನಿನ ಮಿತಿ ಮೀರಿದ್ದದ್ದು ನಿಜ. ಆಗಸ್ಟ್ 9ರಂದು ತೀರ್ಪುಗಾರ ಮಂಡಳಿ (ಜ್ಯೂರಿ) ಮೂರು ತಾಸಿನೊಳಗೆ ಎದ್ದು ಬಂದು, ಉಳಿದ ಎಲ್ಲ ಆರೋಪಗಳಲ್ಲೂ ಅವನು ನಿರ್ದೋಷಿ ಎಂದಿತು. ಅಷ್ಟರಲ್ಲಿ ಅವನು ಮೂರು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. ಸತ್ತವರ ಮನೆಯವರು ಕೋರ್ಟಿನಲ್ಲೇ ಕುಸಿದು ಅತ್ತರು.

ಒಂದೇ ಅಪಘಾತಕ್ಕೆ ತನಿಖಾ ಮಂಡಳಿಯದು ಒಂದು ಮಾತು, ತೀರ್ಪುಗಾರರದು ಇನ್ನೊಂದು. ಎರಡೂ ಕಡತಗಳು ಮುಚ್ಚಿವೆ. ಯಾರು ಸರಿ ಎಂದು ತೀರ್ಮಾನಿಸಲು ನಾನು ಈ ಪತ್ರ ಬರೆಯುತ್ತಿಲ್ಲ, ಆ ಹುಡುಗನ ಹೆಸರೂ ನನಗಿಲ್ಲಿ ಬೇಡ. ಆದರೆ ‘ಅಯ್ಯೋ, ಅವರೂ ಕುಡಿದಿದ್ದರಂತೆ ಬಿಡಿ’ ಎಂದು ನಮ್ಮ ಕೂಟವೊಂದರಲ್ಲಿ ಒಬ್ಬರು ಕೈ ಝಾಡಿಸಿದ್ದನ್ನು ಕೇಳಿ ನನಗೆ ಸಿಟ್ಟು ಬಂದದ್ದು ನಿಜ. ಮುಂದಿದ್ದವರ ರಕ್ತದಲ್ಲಿ ಮದ್ಯ ಸಿಕ್ಕರೆ ಹಿಂದೆ ಕೂತವರ, ಐದನೇ ಬೈಕಿನವರ ಸಾವು ಹಗುರವಾಗುತ್ತದೆಯೇ? ಕುಡಿದು ಬೈಕ್ ಹತ್ತಿದ್ದು ತಪ್ಪೇ. ಆ ತಪ್ಪನ್ನು ತಪ್ಪೆಂದೇ ಇಟ್ಟುಕೊಂಡೂ ಆ ಮನುಷ್ಯನಿಗಾಗಿ ಮರುಗಲು ಬರುತ್ತದೆ. ನಮ್ಮ ಹಳೇ ಮೈಸೂರಿನ ಹಳ್ಳಿಗಳಲ್ಲಿ ಮಾಳಪಕ್ಷಕ್ಕೆ ಹಿರಿಯರಿಗೆ ಎಡೆ ಇಡುವಾಗ ಹೊಸ ಪಂಚೆಯ ಪಕ್ಕದಲ್ಲಿ ಬೀಡಿ ಕಟ್ಟು, ಬ್ರಾಂದಿ ಬಾಟಲಿ ಇಟ್ಟು ಕೈ ಮುಗಿಯುವುದಿಲ್ಲವೇ? ಅಜ್ಜ ಏನು ಕುಡಿಯುತ್ತಿದ್ದ ಎಂದು ಊರಿಗೆಲ್ಲ ಗೊತ್ತು, ಅದರಿಂದ ಅವನ ಎಡೆ ತಪ್ಪಿದ್ದಿಲ್ಲ.

ಇಲ್ಲಿನವರು ಅವರನ್ನು ನೆನೆದ ಬಗೆ ಹೇಳುತ್ತೇನೆ. ಉತ್ತರ ನ್ಯೂ ಹ್ಯಾಂಪ್‌ಶೈರ್‌ನ ಕೊಲಂಬಿಯಾ ಎಂಬಲ್ಲಿ ಮೇರಿಯಮ್ಮನ ಕ್ಷೇತ್ರವೊಂದಿದೆ. ಪ್ರತಿ ಜೂನ್‌ನಲ್ಲಿ ಅಲ್ಲಿ ಪಾದ್ರಿಗಳು ಬೈಕುಗಳಿಗೆ ಆಶೀರ್ವಾದ ಮಾಡುತ್ತಾರೆ. ಆಯುಧಪೂಜೆ ಮಾಡಿ ಗೊತ್ತಿರುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಅಪಘಾತವಾದ ಎರಡನೇ ದಿನವೇ ಆ ಭಾನುವಾರ ಇತ್ತು. ನೂರಾರು ಸವಾರರು ಹೋಗಿ ಏಳು ಜನರಿಗಾಗಿ ಪ್ರಾರ್ಥಿಸಿ ಬಂದರು. ಜುಲೈ 6ರಂದು ಲಕೋನಿಯಾದಿಂದ ರ‍್ಯಾಂಡಾಲ್ಫ್‌ವರೆಗೆ ಸಾವಿರಾರು ಬೈಕುಗಳು ಹೋದವು. ಇಂಥ ಯಾತ್ರೆಗಳಲ್ಲಿ ಜೋಡಿ ಸಾಲಿನ ಮುಂಭಾಗದಲ್ಲಿ ಒಂದು ಜಾಗವನ್ನು ಬೇಕೆಂದೇ ಖಾಲಿ ಬಿಟ್ಟು ಓಡಿಸುತ್ತಾರೆ. ‘ಮಿಸ್ಸಿಂಗ್ ಮ್ಯಾನ್’ ಎನ್ನುತ್ತಾರೆ ಅದಕ್ಕೆ. ಹಿಂದಿನವರು ಎಷ್ಟೇ ಮೈಲಿ ಹೋದರೂ ಆ ಜಾಗ ತುಂಬುವುದಿಲ್ಲ. ಸೈನಿಕರ ಅಂತಿಮ ನಮನದಲ್ಲಿ ಹಾಜರಿ ಕರೆಯುವ ಪದ್ಧತಿಯೊಂದಿದೆ. ಬದುಕಿರುವ ಒಂದಿಬ್ಬರ ಹೆಸರು ಕರೆಯುತ್ತಾರೆ, ಅವರು ಓಗೊಡುತ್ತಾರೆ. ಆಮೇಲೆ ಸತ್ತವರ ಹೆಸರು ಮೂರು ಸಲ ಕರೆಯುತ್ತಾರೆ, ಉತ್ತರ ಬರುವುದಿಲ್ಲ, ಬ್ಯೂಗಲ್ ಶುರುವಾಗುತ್ತದೆ. ಇನ್ನು ಸಮಾಧಿ ಕಲ್ಲುಗಳ ಮೇಲೆ ಚಿಲ್ಲರೆ ನಾಣ್ಯ ಕಂಡರೆ ಮಕ್ಕಳಿಗೆ ಎತ್ತಿಕೊಳ್ಳಲು ಬಿಡಬೇಡಿ. ಒಂದು ಸೆಂಟ್ ಇಟ್ಟರೆ ಬಂದು ನೋಡಿ ಹೋದೆ ಎಂದರ್ಥ, ಐದು ಸೆಂಟ್ ಎಂದರೆ ಒಟ್ಟಿಗೆ ತರಬೇತಿ ಪಡೆದವರು, ಹತ್ತು ಎಂದರೆ ಒಟ್ಟಿಗೆ ಸೇವೆಯಲ್ಲಿದ್ದವರು, ಇಪ್ಪತ್ತೈದು ಎಂದರೆ ಜೀವ ಹೋಗುವಾಗ ಪಕ್ಕದಲ್ಲಿದ್ದವರು.

‘ನಮಗೂ ಅವರಿಗೂ ಏನು ಸಂಬಂಧ, ಅಮೆರಿಕದ ಯುದ್ಧಗಳನ್ನು ನಾನು ಒಪ್ಪುವುದಿಲ್ಲ’ ಎನ್ನುವವರೂ ನಿಮ್ಮಲ್ಲಿ ಇರಬಹುದು. ಒಪ್ಪಬೇಡಿ. ನನಗೂ ಎಲ್ಲ ಒಪ್ಪಿಗೆಯಿಲ್ಲ. ಆದರೆ ಪಿತೃಪಕ್ಷದಲ್ಲಿ ತರ್ಪಣ ಬಿಡುವಾಗ ಅಪ್ಪ, ಅಜ್ಜ, ಮುತ್ತಜ್ಜ ಆದ ಮೇಲೆ, ತಮ್ಮವರೆಂದು ಹೇಳಿಕೊಳ್ಳಲು ಯಾರೂ ಇಲ್ಲದವರಿಗೂ ಒಂದು ಬೊಗಸೆ ನೀರು ಬಿಡುತ್ತೇವೆ. ಅವರ ಗೋತ್ರ ಯಾವುದು, ಯಾವ ರಾಜನ ಪರ ಹೋರಾಡಿದರು ಎಂದು ಕೇಳುವುದಿಲ್ಲ. ಅದೇ ಪಕ್ಷದಲ್ಲಿ ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಘಾತ ಚತುರ್ದಶಿ. ಆಯುಧದಿಂದ ಸತ್ತವರಿಗೆ, ಅಪಘಾತದಲ್ಲಿ ಹೋದವರಿಗೆ ಮೀಸಲಾದ ತಿಥಿ. ಅಮೆರಿಕದಲ್ಲಿ ಈ ಪಕ್ಷ ಬರುವುದೂ ಎಲೆ ಬಣ್ಣಕ್ಕೆ ತಿರುಗುವ ಆ ಸೆಪ್ಟೆಂಬರ್-ಅಕ್ಟೋಬರ್ ದಿನಗಳಲ್ಲೇ. ರ‍್ಯಾಂಡಾಲ್ಫ್‌ಗೆ ಹೋಗಲು ಇದಕ್ಕಿಂತ ಒಪ್ಪುವ ಕಾಲ ನನಗೆ ಹೊಳೆಯಲಿಲ್ಲ. ಆಚಾರ ಇಟ್ಟುಕೊಳ್ಳದವರು ಅದನ್ನು ಬಿಟ್ಟು ಸುಮ್ಮನೆ ಬನ್ನಿ.

ರಸ್ತೆಯ ಸಾವು ನಮಗೆ ಹೊಸದೂ ಅಲ್ಲ. 2022ರಲ್ಲಿ ಅಮೆರಿಕದಲ್ಲಿ 6,218 ಬೈಕ್ ಸವಾರರು ಸತ್ತರು. ಅದೇ ವರ್ಷ ಭಾರತದಲ್ಲಿ ದ್ವಿಚಕ್ರ ವಾಹನಗಳ ಮೇಲೆ ಸತ್ತವರು 74,897. ಆ ಎರಡನೇ ಸಂಖ್ಯೆಯೊಳಗೆ ನಮ್ಮ ನಮ್ಮ ಊರಿನ ಯಾರೋ ಒಬ್ಬರು ಇದ್ದೇ ಇರುತ್ತಾರೆ.

ನೆನಪಿನ ಜೊತೆಗೆ ರಸ್ತೆಯ ಮೇಲೆ ನಾವು ಮಾಡಬೇಕಾದದ್ದೂ ಇದೆ. ಹೆದ್ದಾರಿಯಲ್ಲಿ ಬೈಕುಗಳ ಸಾಲು ಎದುರಾದರೆ ಅದರೊಳಗೆ ಕಾರು ನುಗ್ಗಿಸಬೇಡಿ. ಅವರು ಒಬ್ಬರ ನೇರ ಹಿಂದೆ ಒಬ್ಬರು ಹೋಗುವುದಿಲ್ಲ, ಒಬ್ಬರು ಲೇನಿನ ಎಡಕ್ಕೆ, ಮುಂದಿನವರು ಬಲಕ್ಕೆ, ಹೀಗೆ ಓರೆಯಾಗಿ ಓಡಿಸುತ್ತಾರೆ. ಓರೆಯಲ್ಲಿರುವವರಿಗೂ ತಮಗೂ ಒಂದು ಸೆಕೆಂಡ್, ನೇರ ಮುಂದಿರುವವರಿಗೂ ತಮಗೂ ಎರಡು ಸೆಕೆಂಡ್ ಅಂತರ. ಖಾಲಿ ಕಾಣುವ ಆ ಜಾಗ ಅವರು ಬ್ರೇಕ್ ಹಾಕಲು ಇಟ್ಟುಕೊಂಡದ್ದು. ‘ಗ್ಯಾಪ್ ಇದೆಯಲ್ಲ’ ಎಂದು ನಮ್ಮ ಬೆಂಗಳೂರು ಕೈ ಸ್ಟೀರಿಂಗ್ ತಿರುಗಿಸಿಬಿಟ್ಟರೆ ಮುಗಿಯಿತು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ವಯಸ್ಕರಿಗೆ ಹೆಲ್ಮೆಟ್ ಕಡ್ಡಾಯವಿಲ್ಲ ಎಂಬುದೂ ನೆನಪಿರಲಿ. ಬರಿದಲೆಯಲ್ಲಿ ಹೋಗುವವರನ್ನು ಕಂಡು ಬೈದುಕೊಳ್ಳುವ ಬದಲು ಇನ್ನಷ್ಟು ದೂರ ಬಿಟ್ಟು ಹೋಗಿ. ಅಲ್ಲಿ ಸೀಟ್ ಬೆಲ್ಟೂ ದೊಡ್ಡವರಿಗೆ ಕಡ್ಡಾಯವಲ್ಲ, ಹಾಗೆಂದು ನಾವು ಬಿಚ್ಚಿಡುತ್ತೇವೆಯೇ?

ಕಚೇರಿಯಲ್ಲಿ ಮಾಡಬೇಕಾದದ್ದು ಇನ್ನೊಂದು. ಸೋಮವಾರ ಹೋದಾಗ ನಿಮ್ಮ ವ್ಯವಸ್ಥೆಯಲ್ಲಿ ‘ಮ್ಯಾನ್ಯುವಲ್ ರಿವ್ಯೂ’ ಎಂಬ ಕ್ಯೂ ಎಲ್ಲಿದೆ ಹುಡುಕಿ. ಅದನ್ನು ಯಾರು ತೆರೆಯುತ್ತಾರೆ, ಕೊನೆಯ ಸಲ ಯಾವಾಗ ತೆರೆದರು, ಅದರಲ್ಲಿರುವ ಅತಿ ಹಳೆಯ ಸಾಲು ಯಾವ ತಾರೀಕಿನದು ಎಂದು ಕೇಳಿ. ಉತ್ತರ ಬರದಿದ್ದರೆ ಆ ಪ್ರಶ್ನೆಯನ್ನು ಇಮೇಲ್‌ನಲ್ಲಿ ಬರೆದು, ನಿಮ್ಮ ಮ್ಯಾನೇಜರನ್ನೂ ಸೇರಿಸಿ ಕಳಿಸಿ. ವೀಸಾದ ಮೇಲಿರುವವರಿಗೆ ಇಂಥ ಪ್ರಶ್ನೆ ಕೇಳಲು ಹಿಂಜರಿಕೆ ಇರುತ್ತದೆ, ಗೊತ್ತು. ಗ್ರೀನ್ ಕಾರ್ಡ್ ಸಿಕ್ಕವರು, ಸಿಟಿಜನ್ ಆದವರು ಮೊದಲು ಕೇಳಿ.

ಇನ್ನು ಹೋಗುವವರಿಗೆ ಒಂದೆರಡು ಮಾತು. ರೂಟ್ 2ರ ಅಂಚಿನಲ್ಲಿ ಕಂಡಕಂಡಲ್ಲಿ ಕಾರು ನಿಲ್ಲಿಸಬೇಡಿ. ಲಾರಿಗಳು ವೇಗವಾಗಿ ಬರುತ್ತವೆ, ಇಳಿಜಾರಿನಲ್ಲಿ ಹಿಂದಿನವರಿಗೆ ನೀವು ಕಾಣುವುದಿಲ್ಲ. ರ‍್ಯಾಂಡಾಲ್ಫ್‌ನಲ್ಲೇ ‘ಅಪಲಾಚಿಯಾ’ ಎಂಬ ಹೆಸರಿನ ಪಾರ್ಕಿಂಗ್ ಜಾಗವಿದೆ, ಬೆಟ್ಟ ಹತ್ತುವವರಿಗೆಂದು ಮಾಡಿದ್ದು, ಗೋರಮ್ ಕಡೆ ಹೋಗುವಾಗ ಬಲಕ್ಕೆ ಸಿಗುತ್ತದೆ. ಶನಿವಾರ ಬೆಳಗ್ಗೆ ಬೇಗ ತುಂಬುತ್ತದೆ, ಮಧ್ಯಾಹ್ನದ ಮೇಲೆ ಜಾಗ ಸಿಗಬಹುದು. ಮಕ್ಕಳಿಗೆ ಮೊದಲೇ ವಿಷಯ ಹೇಳಿ ಕರೆತನ್ನಿ, ಅವರ ಪ್ರಶ್ನೆಗಳಿಗೆ ಸಮಯ ಇಟ್ಟುಕೊಳ್ಳಿ. ಅಲ್ಲಿ ಬೈಕಿನವರು ಯಾರಾದರೂ ನಿಂತಿದ್ದರೆ ಹೋಗಿ ಮಾತಾಡಿಸಿ. ಸೇನೆಯಲ್ಲಿದ್ದವರಾದರೆ ಎಲ್ಲಿದ್ದಿರಿ, ಯಾವ ವರ್ಷ ಎಂದು ಕೇಳಿದರೆ ಸಾಕು, ಮುಂದಿನದನ್ನು ಅವರೇ ಹೇಳುತ್ತಾರೆ. ಕೊಡಗಿನವರೋ, ಮನೆಯಲ್ಲಿ ಯಾರಾದರೂ ಫೌಜಿನಲ್ಲಿದ್ದವರೋ ನಿಮ್ಮ ಜೊತೆಗಿದ್ದರೆ ಅವರನ್ನೇ ಮುಂದೆ ಬಿಡಿ, ಮಾತು ಬೇಗ ಕುದುರುತ್ತದೆ.

ಘಾತ ಚತುರ್ದಶಿಯ ಹಿಂದುಮುಂದಿನ ವಾರಾಂತ್ಯದಲ್ಲಿ ನಾನಂತೂ ಹೋಗುತ್ತಿದ್ದೇನೆ. ಕಾರಿನಲ್ಲಿ ಮೂರು ಸೀಟು ಖಾಲಿ ಇವೆ. ಬರುವವರು ದಪ್ಪ ಜಾಕೆಟ್ ತನ್ನಿ, ಪುಳಿಯೋಗರೆ ನಮ್ಮ ಮನೆಯಿಂದ ಬರುತ್ತದೆ.

ಇಂತಿ,
ನಿಮ್ಮವನೇ ಆದ ಒಬ್ಬ ಕನ್ನಡಿಗ
ಮೆಸಾಚುಸೆಟ್ಸ್